ಒಂಬತ್ತನೇ ಗೊಂಚಲಿನ ಒಂದು ಗಡ್ಡೆ

ಟಿಕ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ಸಭಾಭವನದ ಮೇಲಂತಸ್ತಿನಲ್ಲಿ ಮಲಗಿದ್ದ ಅಲ್ಸೀದ್ ರುಮೆಗು ಕಣ್ಣು ಬಿಟ್ಟರು. ಗಡಿಯಾರದಲ್ಲಿ 1.40. ಇಲಿ ಇರಬೇಕೆಂದುಕೊಂಡು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದರು. ಮತ್ತೆ ನಿದ್ದೆಹೋದ ಸಂಗತಿಯನ್ನು ಬೆಳಿಗ್ಗೆ ದೂರಿನಲ್ಲಿ ಬರೆಸಲು ಮಾತ್ರ ಅವರು ಒಪ್ಪಲಿಲ್ಲ.

ಶುಕ್ರವಾರ, ಆಗಸ್ಟ್ ಒಂದು, ಬೆಳಿಗ್ಗೆ 7.10. ದಕ್ಷಿಣ ಫ್ರಾನ್ಸಿನ ಗುಡ್ಡದೂರು ಪೆಯ್ರಾಲ್‌ನ ಠಾಣೆ. ಇನ್‌ಸ್ಪೆಕ್ಟರ್ ಸೊಲಾಂಜ್ ವೇಸಿಯೇರ್ ಮೊದಲ ಕಾಫಿಗೆ ಸಕ್ಕರೆ ಹಾಕುತ್ತಿದ್ದಾಗ ರುಮೆಗು ಒಳಗೆ ಬಂದರು. ಎಪ್ಪತ್ತೆರಡು ವರ್ಷ, ನಿವೃತ್ತ ಶಾಲಾ ಮಾಸ್ತರು, ಬೆಳ್ಳುಳ್ಳಿ ಹಬ್ಬದ ಸಮಿತಿಯ ಅಧ್ಯಕ್ಷರು.

"ಏನು ಕಳುವಾಗಿದೆ?"

"ಏನೂ ಇಲ್ಲ."

"ಬೀಗ ಒಡೆದಿದ್ದಾರಾ?"

"ಇಲ್ಲ. ಹಿಂದಿನ ಕಿಟಕಿ ತೆಗೆದಿದೆ. ಮತ್ತೆ..." ಅವರು ದನಿ ತಗ್ಗಿಸಿದರು. "ನೆಲ ಗುಡಿಸಿದ್ದಾರೆ ಮೇಡಂ."

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಯಾನಿಕ್ ಗೆಲೆಕ್ ಕೆಮ್ಮಿದ. ನಲವತ್ತು ದಾಟಿದವನು, ಉತ್ತರದ ಕಡಲ ತೀರದಿಂದ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. "ಅಂಥ ಕಳ್ಳ ನಮ್ಮನೆಗೂ ಒಂದು ಸಲ ಬರಲಿ ಸಾರ್."

"ನಗ್ರಿ, ನಗ್ರಿ. ಇವತ್ತು ಹನ್ನೊಂದೂವರೆಗೆ ಬೆಳ್ಳುಳ್ಳಿ ಗೊಂಚಲು ಕಟ್ಟೋ ಸ್ಪರ್ಧೆ. ಹನ್ನೊಂದು ಗೊಂಚಲು ಅಲ್ಲಿ ರಾತ್ರಿಯೆಲ್ಲ ಇದ್ವು. ಯಾರೋ ಒಂದಕ್ಕೆ ಕೈ ಹಾಕಿದ್ದಾರೆ. ಯಾವುದಕ್ಕೆ ಅಂತ ಹೇಳಿ, ಮೈಕಿನಲ್ಲಿ ನಂಬರು ಕೂಗಿ ಅದನ್ನ ಹೊರಗಿಡ್ತೀನಿ. ಅದು ನಿಯಮ."

ಸೊಲಾಂಜ್ ಕಾಫಿಯನ್ನು ಹಾಗೇ ಬಿಟ್ಟು ಎಫ್‌ಐಆರ್ ತೆರೆದರು. ಅಕ್ರಮ ಪ್ರವೇಶ, ಕಳುವಾದ ವಸ್ತುಗಳ ಅಂಕಣ ಖಾಲಿ.

7.35ಕ್ಕೆ ಸಭಾಭವನದಲ್ಲಿ ಪಂಚನಾಮೆ ಶುರುವಾಯಿತು. ಉದ್ದ ಮೇಜಿನ ಮೇಲೆ ಹನ್ನೊಂದು ಗೊಂಚಲು, ಪಕ್ಕದಲ್ಲಿ ಬರೀ ಸಂಖ್ಯೆಯ ಚೀಟಿ. ಹೆಸರುಗಳಿದ್ದ ಲಕೋಟೆ ರುಮೆಗು ಅವರ ಜೇಬಿನಲ್ಲಿತ್ತು. ಸ್ಪರ್ಧೆಗೆ ಮುಂಚೆ ಅದನ್ನು ಒಡೆಯಲಾರೆ ಎಂದು ಎದೆಯ ಮೇಲೆ ಕೈಯಿಟ್ಟು ನಿಂತರು. ಕಿಟಕಿಯ ಹೊರಗೆ ತಲೆಕೆಳಗಾಗಿಟ್ಟ ಮರದ ಪೆಟ್ಟಿಗೆ, ಅದರ ಮೇಲೆ ಸಣ್ಣ ಅಳತೆಯ ಬೂಟಿನ ಗುರುತು. ಒಳಗೆ ನೆಲ ಕನ್ನಡಿಯಂತಿತ್ತು. ಬೆಳ್ಳುಳ್ಳಿ ತುಂಬಿದ ಕೋಣೆಯಲ್ಲಿ ಒಂದು ಸಿಪ್ಪೆಯ ಚೂರೂ ಇರಲಿಲ್ಲ.

"ಇವನ್ನ ಯಾಕೆ ಜಡೆ ಹಾಕಲ್ಲ ಮೇಡಂ?" ಯಾನಿಕ್ ಕೇಳಿದ.

"ನಮ್ಮ ಗುಲಾಬಿ ಬೆಳ್ಳುಳ್ಳಿಯ ದಂಟು ಗಟ್ಟಿ. ಹೆಣೆದ್ರೆ ಮುರಿಯುತ್ತೆ. ಹುರಿಯಲ್ಲಿ ಒಂದೊಂದಾಗಿ ಕಟ್ಟಬೇಕು. ಸ್ಪರ್ಧೆಗೆ ನೂರು ಗಡ್ಡೆ. ಕಟ್ಟಿದವರೇ ಎತ್ತಿ ಮೂರು ಸಲ ಅಲ್ಲಾಡಿಸಬೇಕು. ಎಣಿಸಿ."

ಯಾನಿಕ್ ಎಣಿಸಿದ. ನೂರು, ನೂರು, ನೂರು. ಒಂಬತ್ತನೆಯದರ ಹತ್ತಿರ ನಿಂತು ಮತ್ತೊಮ್ಮೆ ಎಣಿಸಿದ. "ತೊಂಬತ್ತೊಂಬತ್ತು."

ಸೊಲಾಂಜ್ ಖಾಲಿ ಅಂಕಣದಲ್ಲಿ ಬರೆದರು: ಬೆಳ್ಳುಳ್ಳಿ, ಗುಲಾಬಿ, ಗಡ್ಡೆ ಒಂದು. ಆಮೇಲೆ ರುಮೆಗು ಅವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಒಂದೊಂದು ಗೊಂಚಲಿನ ಗಂಟುಗಳ ಮೇಲೂ ಬೆರಳಾಡಿಸಿದರು. ಅವರ ತಾಯಿ ಇಪ್ಪತ್ತು ವರ್ಷ ಬೇರೆಯವರ ಕಣಗಳಲ್ಲಿ ಬೆಳ್ಳುಳ್ಳಿ ಸುಲಿದವರು. ಊರಿನವರೆಲ್ಲ ಹುರಿಯನ್ನು ಎರಡು ಸುತ್ತು ಸುತ್ತಿ ಬಿಗಿಯುತ್ತಾರೆ. ಮೂರು ಸುತ್ತು ಹಾಕುವವರು ಫೆರ್ನಾನ್ ರಾಮಿಯೇರ್ ಒಬ್ಬರೇ ಎಂಬುದು ಊರಿನ ಮಾತು; ಅವರು ಈ ಸ್ಪರ್ಧೆಯನ್ನು ಹದಿನೆಂಟು ಸಲ ಗೆದ್ದವರು. ಒಂಬತ್ತನೆಯದರಲ್ಲಿ ಮೂರು ಸುತ್ತಿತ್ತು.

ಆದರೆ ಸುತ್ತು ಎಡಕ್ಕೆ ತಿರುಗಿತ್ತು. ಸೊಲಾಂಜ್ ಎರಡು ಹೆಜ್ಜೆ ಹಿಂದೆ ಬಂದು ನಾಲ್ಕನೇ ಗೊಂಚಲನ್ನು ಮತ್ತೆ ಮುಟ್ಟಿ ನೋಡಿದರು. ಅಲ್ಲೂ ಮೂರು ಸುತ್ತು, ಎಡಕ್ಕೆ.

"ಎರಡನ್ನೂ ಕಟ್ಟಿದ್ದು ಒಂದೇ ಕೈ," ಎಂದರು.

"ಎಡಗೈಯವರಾ?"

"ಅಲ್ಲ. ನಮ್ಮಲ್ಲಿ ಮಗಳು ಅಮ್ಮನ ಪಕ್ಕದಲ್ಲಿ ಕೂತು ಕಲೀತಾಳೆ. ಇದು ಎದುರಿಗೆ ಕೂತು ಕಲಿತ ಗಂಟು. ಕನ್ನಡಿಯಲ್ಲಿ ಕಂಡ ಹಾಗೆ."

8.20. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ರುಮೆಗು ಅವರಿಗೆ ಸೊಲಾಂಜ್ ಸುಮ್ಮನೆ ಕೇಳಿದಂತೆ ಕೇಳಿದರು. "ಫೆರ್ನಾನ್ ಅವರ ಹತ್ತಿರ ಗೊಂಚಲು ಕಟ್ಟೋದು ಕಲಿತವರು ಯಾರಾದ್ರೂ ಇದ್ದಾರಾ?"

"ಅವನಿಗೆ ಮಕ್ಕಳೆಲ್ಲಿ? ಆ ಲಿಯೊಂತಿನ್ ಬಾರ್ತಾಸ್ ಒಬ್ಬಳು. ಈ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಅಮ್ಮನೂ ಇಲ್ಲ, ಅತ್ತೆಯೂ ಇಲ್ಲ. ಚೌಕದ ಬಾವಿ ಹತ್ತಿರ ಎರಡು ಕುರ್ಚಿ ಹಾಕ್ಕೊಂಡು ಕಲಿಸಿದ. ಕಲಿಸಿ ಕಲಿಸಿ ಅವಳೇ ಇವನಿಗೆ ಎದುರಾಳಿ! ಹನ್ನೊಂದು ಸಲ ಎರಡನೇ ಸ್ಥಾನ ಪಾಪ. ಯಾಕೆ, ಅವಳ ಗೊಂಚಲಿಗೆ ಏನಾದ್ರೂ ಆಯ್ತಾ?"

"ತನಿಖೆಯ ವಿಷಯ. ಹೇಳೋ ಹಾಗಿಲ್ಲ."

9.05. ಚೌಕದಲ್ಲಿ ಸಾವಿರ ಜನರ ಸೂಪಿಗೆ ಹಂಡೆಗಳು ಕುದಿಯುತ್ತಿದ್ದವು. ಲಿಯೊಂತಿನ್, ಅರವತ್ತೇಳು ವರ್ಷ, ಒಬ್ಬರೇ ಒಂದು ಮೇಜಿನ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಪೊಲೀಸರನ್ನು ಕಂಡು ಚಾಕು ಮಡಚಿಟ್ಟರು.

"ರಾತ್ರಿ ನಿದ್ದೆ ಬಂತಾ?" ಸೊಲಾಂಜ್ ಕೇಳಿದರು.

"ಇಲ್ಲ."

"ಪೆಟ್ಟಿಗೆ ಹತ್ತುವಾಗ ಬಿದ್ದಿದ್ರೆ?"

"ಇಳಿಯುವಾಗ ಬಿದ್ದೆ ಕಣಮ್ಮ." ಲಂಗವನ್ನು ಒಂದಿಷ್ಟು ಎತ್ತಿ ತರಚಿದ ಮೊಣಕಾಲು ತೋರಿಸಿದರು. "ನಿಂಗೆ ಹೇಗೆ ಗೊತ್ತಾಯ್ತು?"

"ಗುಡಿಸಿದ್ರಲ್ಲ."

"ಸಿಪ್ಪೆ ಹಾಗೇ ಬಿಟ್ಟು ಬರೋಕಾಗುತ್ತಾ?"

"ಆ ಒಂದು ಗಡ್ಡೆ ಎಲ್ಲಿ?"

ಅವರು ಅಂಗಿಯ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಗಡ್ಡೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಯಾನಿಕ್ ಕುದಿಯುವ ಹಂಡೆಯನ್ನೂ ಗಡ್ಡೆಯನ್ನೂ ನೋಡಿದ. "ಇದರೊಳಗೆ ಹಾಕಿಬಿಟ್ಟಿದ್ರೆ ಸಾಕ್ಷಿಯೇ ಇರ್ತಿರ್ಲಿಲ್ಲವಲ್ಲ?"

"ಅದು ಅವನ ಬೆಳೆ. ನಾನ್ಯಾಕೆ ಹಾಕಲಿ? ನಾನೇನು ಕಳ್ಳಿಯಾ?"

9.20ಕ್ಕೆ ಲಿಯೊಂತಿನ್ ಬಾರ್ತಾಸ್ ಅವರ ಬಂಧನವಾಯಿತು. ಜೀಪು ಬೇಡ, ನಡೆದೇ ಬರುತ್ತೇನೆ ಎಂದರು. ಜೀಪಿನಲ್ಲಿ ಹೋದರೆ ಊರು ನೋಡುತ್ತದೆ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವನು ಯಾನಿಕ್.

"ಗುರುವಾರ ಸಂಜೆ ಅವನು ಗೊಂಚಲನ್ನ ಮೇಜಿನ ಮೇಲಿಡೋದು ನೋಡಿದೆ. ಅವನ ಕೈ..." ಲಿಯೊಂತಿನ್ ತಮ್ಮ ಕೈಯನ್ನು ಮೇಜಿನ ಮೇಲಿಟ್ಟು ಅಲುಗಿಸಿ ತೋರಿಸಿದರು. "ಹೋದ ವರ್ಷವೇ ಶುರುವಾಗಿತ್ತು, ಮುಚ್ಚಿಟ್ಕೊಂಡಿದ್ದ. ಒಂದು ಗಂಟೂ ಬಿಗಿ ಇರಲಿಲ್ಲ. ಎತ್ತಿ ಅಲ್ಲಾಡಿಸಿದ್ರೆ ನೂರೂ ಕೆಳಗೆ ಬೀಳ್ತಿದ್ವು, ಇಡೀ ಊರಿನೆದುರು. ಅದಕ್ಕೇ ರಾತ್ರಿ ಹೋಗಿ ಹಳೇ ಹುರಿಯನ್ನ ಚಾಕುವಿನಲ್ಲಿ ಟಿಕ್ ಟಿಕ್ ಅಂತ ಒಂದೊಂದಾಗಿ ಕತ್ತರಿಸಿ, ಅಷ್ಟನ್ನೂ ಮತ್ತೆ ಕಟ್ಟಿದೆ."

"ನಿಮಗದು ಒಳ್ಳೇದೇ ಅಲ್ವಾ? ಈ ವರ್ಷ ನೀವೇ ಗೆಲ್ತಿದ್ರಿ," ಎಂದರು ಸೊಲಾಂಜ್.

"ಗೆಲ್ತಿದ್ದೆ."

ಯಾನಿಕ್ ಪೆನ್ನು ನಿಲ್ಲಿಸಿದ.

"ನಾನು ಮೊದಲನೇ ಸಲ ಸ್ಪರ್ಧೆಗೆ ನಿಂತಾಗ ನನ್ನದು ಬಿತ್ತು. ನಲವತ್ತೆರಡು ವರ್ಷ ಆಯ್ತು. ಚೌಕಕ್ಕೆ ಚೌಕವೇ ನಕ್ಕಿತು, ನನ್ನ ಗಂಡನೂ. ಇವನೊಬ್ಬ ಮಂಡಿಯೂರಿ, ಬೆಂಚುಗಳ ಕೆಳಗೆಲ್ಲ ಕೈ ಹಾಕಿ ಗಡ್ಡೆ ಆರಿಸಿಕೊಟ್ಟ. ಆಮೇಲೆ ಕುರ್ಚಿ ತಂದ. ಅವನ ಗಂಟನ್ನೇ ಹಾಕಿದೀನಿ ನೋಡಿ, ಸ್ವಲ್ಪವೂ ವ್ಯತ್ಯಾಸ ಇಲ್ಲ. ಯಾರಿಗೂ ಗೊತ್ತಾಗಲ್ಲ."

ಗಂಟು ಎಡಕ್ಕೆ ತಿರುಗಿದೆ ಎಂಬುದನ್ನು ಸೊಲಾಂಜ್ ಹೇಳಲು ಹೋಗಲಿಲ್ಲ. ಬೇರೆ ಮಾತು ಎತ್ತಿದರು. "ನೀವು ಕಟ್ಟಿದ್ದಕ್ಕೆ ಅವರಿಗೆ ಬಹುಮಾನ ಬಂದ್ರೆ ಅದು ಮೋಸ."

"ಅದಕ್ಕೇ ತಾನೆ ಒಂದು ತೆಗೆದಿದ್ದು! ತೊಂಬತ್ತೊಂಬತ್ತಕ್ಕೆ ಬಹುಮಾನ ಇಲ್ಲ. ಲೆಕ್ಕ ತಪ್ಪಿತು ಅಂದ್ರೆ ಜನ ಒಂದು ದಿನ ನಗ್ತಾರೆ. ಕೈ ಹೋಯ್ತು ಅಂದ್ರೆ ಮರುಕ ಪಡ್ತಾರೆ, ಸಾಯೋವರೆಗೂ. ಅವನಿಗದು ಆಗಲ್ಲ ಮೇಡಂ." ಆಮೇಲೆ ಸೇರಿಸಿದರು: "ನನ್ನ ನಾಲ್ಕನೇ ನಂಬರನ್ನೂ ತೆಗೆಸಿಬಿಡಿ. ರಾತ್ರಿ ಒಳಗೆ ಹೋದವಳು ನಾನು. ಗೆದ್ದರೆ ಸರಿಯಿರಲ್ಲ."

10.50ಕ್ಕೆ ಸೊಲಾಂಜ್ ರುಮೆಗು ಅವರಿಗೆ ನಾಲ್ಕನೇ ಸಂಖ್ಯೆ ಹಿಂದೆ ಸರಿದ ಚೀಟಿಯನ್ನು ಕೊಟ್ಟರು. ಆರೋಪಿ ಸಿಕ್ಕಿದ್ದಾರೆ, ಸೋಮವಾರ ಕಡತ ಸರ್ಕಾರಿ ವಕೀಲರಿಗೆ ಹೋಗುತ್ತದೆ, ಅಲ್ಲಿಯವರೆಗೆ ಕಾನೂನಿನಂತೆ ಎಲ್ಲ ಗೋಪ್ಯ ಎಂದರು.

"ಮೈಕಿನಲ್ಲಿ ನಾನೇನು ಹೇಳಲಿ?"

"ಎಣಿಸಿ. ನೂರು ಗಡ್ಡೆಯ ನಿಮ್ಮ ನಿಯಮ ಸಾಕು, ಯಾರಿಗೂ ಅನ್ಯಾಯ ಆಗಲ್ಲ."

"ಆ ಶಬ್ದ ಕೇಳಿದಾಗಲೇ ನಾನು ಕೆಳಗಿಳಿದು ಬರಬೇಕಿತ್ತು," ಎಂದರು ರುಮೆಗು, ಮೊದಲ ಸಲ ಮೆಲ್ಲಗೆ.

11.30. ಸೊಲಾಂಜ್ ಮತ್ತು ಯಾನಿಕ್ ನಡುವೆ ಲಿಯೊಂತಿನ್ ನಿಂತಿದ್ದರು. ನೋಡಿದವರಿಗೆ ಮೂವರು ಹಬ್ಬಕ್ಕೆ ಬಂದಂತೆ ಕಾಣುತ್ತಿತ್ತು. ಒಂಬತ್ತನೇ ಸಂಖ್ಯೆ ಕೂಗಿದಾಗ ಫೆರ್ನಾನ್ ರಾಮಿಯೇರ್ ಮೆಟ್ಟಿಲು ಹತ್ತಿದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಗೊಂಚಲಿನ ಕುಣಿಕೆ ಹಿಡಿದು ಮೇಲೆತ್ತಿದರು. ಮೂರು ಸಲ ಅಲ್ಲಾಡಿಸುವ ಅಗತ್ಯವೇ ಬೀಳಲಿಲ್ಲ, ಕೈ ತಾನಾಗಿ ಅಲ್ಲಾಡಿಸಿತು. ಒಂದು ಗಡ್ಡೆಯೂ ಬೀಳಲಿಲ್ಲ. ಫೆರ್ನಾನ್ ಅಚ್ಚರಿಯಿಂದ ಗೊಂಚಲನ್ನು ಇಳಿಸಿ, ರೂಢಿಯಂತೆ ಹೆಬ್ಬೆರಳನ್ನು ಹುರಿಯ ಮೇಲೆ ಬಲಕ್ಕೆ ಸರಿಸಿದರು. ಬೆರಳು ಗಂಟಿಗೆ ತಡೆಯಿತು. ಎಡಕ್ಕೆ ಸರಿಸಿದರು, ಸಲೀಸಾಗಿ ಜಾರಿತು.

ಲಿಯೊಂತಿನ್ ತಮ್ಮ ಬೂಟು ನೋಡುತ್ತಿದ್ದರು.

"ಒಂಬತ್ತನೆಯದು, ತೊಂಬತ್ತೊಂಬತ್ತು ಗಡ್ಡೆ, ಸ್ಪರ್ಧೆಯಿಂದ ಹೊರಗೆ!" ಎಂದಿತು ಮೈಕು.

"ಏನ್ ಫೆರ್ನಾನಣ್ಣ, ದಾರೀಲಿ ಒಂದು ತಿಂದ್ಬಿಟ್ಯಾ?" ಯಾರೋ ಕೂಗಿದರು.

"ಹಸಿವಾಗಿತ್ತು ಕಣಯ್ಯ!" ಚೌಕವೆಲ್ಲ ನಕ್ಕಿತು.

12.40. ಲಿಯೊಂತಿನ್ ಅವರಿಗೆ ಸೋಮವಾರ ಹಾಜರಾಗುವಂತೆ ನೋಟಿಸು ಕೊಟ್ಟು ಬಿಡುಗಡೆ ಮಾಡಿದ ಮೇಲೆ ಸೊಲಾಂಜ್ ಕಡತಕ್ಕೆ ಬೇಕಾದ ಕೊನೆಯ ಹೇಳಿಕೆಗಾಗಿ ಫೆರ್ನಾನ್ ಅವರನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಮುದ್ರೆ ಹಾಕಿದ ಚೀಲದಲ್ಲಿ ಒಂದು ಗಡ್ಡೆ ಇತ್ತು.

"ನಿಮ್ಮ ಗೊಂಚಲನ್ನ ಯಾರಾದ್ರೂ ಮುಟ್ಟಿದ್ದಾರೆ ಅಂತ ಅನುಮಾನ ಇದೆಯಾ?"

"ಇಲ್ಲ."

"ಎಷ್ಟು ಗಡ್ಡೆ ಕಟ್ಟಿದ್ರಿ?"

ಫೆರ್ನಾನ್ ಚೀಲದ ಕಡೆ ನೋಡಿದರು. ಗುರುವಾರ ಅವರು ಮೂರು ಸಲ ಎಣಿಸಿದ್ದರು.

"ತೊಂಬತ್ತೊಂಬತ್ತು."

"ಹಾಗಾದ್ರೆ ಇದು ಯಾರದ್ದು?"

"ನಂದಲ್ಲ. ಒಳ್ಳೆ ಗಡ್ಡೆ. ಹೆಚ್ಚು ದಿನ ಚೀಲದಲ್ಲಿಡಬೇಡಿ, ಬೂಸ್ಟು ಬರುತ್ತೆ."

ಸಹಿ ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಯಾನಿಕ್ ಕಾಗದವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ.

ಕಿಟಕಿಯಿಂದ ಚೌಕ ಕಾಣುತ್ತಿತ್ತು. ಲಿಯೊಂತಿನ್ ಮತ್ತೆ ತಮ್ಮ ಮೇಜಿಗೆ ಹೋಗಿ ಸುಲಿಯಲು ಕೂತಿದ್ದರು. ಫೆರ್ನಾನ್ ನಿಧಾನವಾಗಿ ನಡೆದುಹೋಗಿ, ಒಂದು ಕುರ್ಚಿಯನ್ನು ಎಳೆದು ಅವರ ಎದುರಿಗೆ ಹಾಕಿಕೊಂಡರು. ರಾತ್ರಿ ನಡೆದದ್ದನ್ನು ಅವರು ಯಾರಿಗೂ ಹೇಳುವವರಲ್ಲ, ಲಿಯೊಂತಿನ್‌ಗೂ ಕೂಡ. ಅವಳ ಗಂಟು ಎಡಕ್ಕೆ ತಿರುಗುತ್ತದೆ ಎಂಬುದನ್ನು ನಲವತ್ತೆರಡು ವರ್ಷ ಹೇಳಿರಲಿಲ್ಲ, ಇನ್ನು ಮೇಲೆಯೂ ಹೇಳುವುದು ಬೇಡವೆಂದು ತೀರ್ಮಾನಿಸಿ, ಬುಟ್ಟಿಯಿಂದ ಒಂದು ಗಡ್ಡೆ ತೆಗೆದುಕೊಂಡರು.