ಅಜ್ಜಿಯ ರಾಣಿಗೆ ಎಡೆ

"ಅಮಾವಾಸ್ಯೆ ದಿನ ಮನೆ ಖಾಲಿ ಮಾಡ್ತೀರಾ?"

ಬಿಟಿಎಂ ಲೇಔಟಿನ ಆ ಇಕ್ಕಟ್ಟು ಮೆಟ್ಟಿಲ ಮೇಲೆ ಶೃತಿ ಅಡ್ಡ ನಿಂತಿದ್ದಳು, ಕೈಯಲ್ಲಿ ಬಾಳೆಲೆ. ಎದುರಿಗೆ ಹಾಸಿಗೆ ಸುರುಳಿ ಹೊತ್ತ ಸಿದ್ದಾರೂಢ. ತಾರಸಿ ಕೋಣೆಯ ಬಾಡಿಗೆದಾರ... ಅವಳ ಎದೆಯಲ್ಲಂತೂ ಅಡ್ವಾನ್ಸ್ ಕೊಡದೆಯೇ ಬಿಡಾರ ಹೂಡಿದ್ದವನು!

"ನನಗ ಇನ್ನ ಒಳ್ಳೇ ದಿನ ಯಾವ್ದು ಉಳದೈತ್ರಿ ಮೇಡಂ?" ಎಂದವನೇ ಮನೆ ಮಾಲೀಕ, ಅವಳಪ್ಪ ತಿಮ್ಮರಾಯಪ್ಪನಂತೆ ಗಂಟಲು ದಪ್ಪ ಮಾಡಿದ. "'ದಸರಾ ಕಳೀಲಿ ಗುರು, ಮಗಳ ನಿಶ್ಚಿತಾರ್ಥ! ಹುಡುಗಂಗೆ ಜೆಪಿ ನಗರದಲ್ಲಿ ಎರಡು ಬಿಲ್ಡಿಂಗು!' ಅಂದ್ರು ನಿನ್ನೆ. ನೀವು ಒಪ್ಪೀರಂತಲ್ಲ..."

'ಒಪ್ಪಿದ್ಯಾ ಅಂತ ನನ್ನನ್ನು ಯಾರೂ ಕೇಳಿಯೇ ಇಲ್ಲ. ಇವನೂ ಕೇಳಲಿಲ್ಲ!' ಅವಳ ಕಣ್ಣು ತುಂಬಿತು.

"ಎಡೆ ಇಡೋವರೆಗಾದ್ರೂ ಇರಿ. ಅಜ್ಜಿಗೆ ನೀವಂದ್ರೆ ಇಷ್ಟ."

ಅಜ್ಜಿ ಲಕ್ಷ್ಮಮ್ಮ ತೀರಿಕೊಂಡ ಮೇಲಿನ ಮೊದಲ ಮಹಾಲಯ ಅಮಾವಾಸ್ಯೆ ಅದು. ತೀರಿಕೊಂಡ ಹಿರಿಯರ ಬಟ್ಟೆಗಳನ್ನು ಜೋಡಿಸಿಟ್ಟು, ಮುಂದೆ ಎಲೆ ಹಾಕಿ ಎಡೆ ಬಡಿಸುವುದು ಆ ಮನೆಯ ಪದ್ಧತಿ. ಪ್ರತಿವರ್ಷ ತಾತನ ಪಂಚೆಯ ಪಕ್ಕ ಅಜ್ಜಿ ತಾನೇ ಹಂಸದ ಅಂಚಿನ ಒಂದು ಕೆಂಪು ಸೀರೆ ಇಡುತ್ತಿದ್ದಳು. "ನಮ್ಮತ್ತೇದು" ಎನ್ನುತ್ತಿದ್ದಳು. ಮನೆಮಂದಿಯೆಲ್ಲ ಅಡ್ಡಬೀಳುತ್ತಿದ್ದರು.

ಈ ಸಲ ಸೀರೆಗಾಗಿ ಶೃತಿ ಅಜ್ಜಿಯ ಟ್ರಂಕು ತೆರೆದಳು. ಮಡಿಕೆಯೊಳಗಿಂದ ಒಂದು ಹಳೇ ನಾಟಕದ ಫೋಟೊ ಜಾರಿತು.

ದಪ್ಪ ಮೀಸೆಯ ರಾಕ್ಷಸ. ಅವನ ಪಕ್ಕ ಒಬ್ಬಳು ರಾಣಿ. ರಾಣಿ ಉಟ್ಟಿದ್ದ ಸೀರೆಗೆ ಅದೇ ಹಂಸದ ಅಂಚು!

ಯಡಿಯೂರಿನಿಂದ ಬಂದಿದ್ದ ಅಜ್ಜಿಯ ತಂಗಿ ಅಕ್ಕಯಮ್ಮ ಫೋಟೊ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ! ಈ ಮೀಸೆ ನಿಮ್ಮಜ್ಜೀನೇ ಕಣೇ!"

"ಆಂ?!"

"ರಾಕ್ಷಸನ ಪಾರ್ಟಿನೋನಿಗೆ ಜ್ವರ ಬಂತು ಅಂತ ಮೀಸೆ ಅಂಟಿಸ್ಕೊಂಡು ಸ್ಟೇಜ್ ಹತ್ತಿಬಿಟ್ಲು. ಆಮೇಲೆ ಮನೆ ಬಿಟ್ಟು ನಾಟಕದ ಕಂಪ್ನಿ ಗಾಡೀಲಿ ಊರೂರು ಸುತ್ತಿದ್ಲು. ದಿನಾ ರಾಣೀನ ಹೆಗಲ ಮೇಲೆ ಹೊತ್ಕೊಂಡು ಹೋಗೋಳು!"

"ಈ ರಾಣಿ ಯಾರು?"

"ವಿಲ್ಸನ್ ಗಾರ್ಡನ್ ವೆಂಕಟಸ್ವಾಮಿ. ಆಗ ಹೆಣ್ಣು ಪಾರ್ಟೆಲ್ಲ ಗಂಡಸ್ರೇ ತಾನೇ ಮಾಡ್ತಿದ್ದಿದ್ದು?"

ಬಾಗಿಲಲ್ಲಿ ನಿಂತಿದ್ದ ಸಿದ್ದಾರೂಢ ಕಣ್ಣರಳಿಸಿದ. "ಅಂದ್ರ ಮಾಲೀಕರು ಇಷ್ಟು ವರ್ಷ ಅಡ್ಡಬಿದ್ದಿದ್ದು..."

ಶೃತಿಗೆ ನಗು ಉಕ್ಕಿತು... ಅರ್ಧಕ್ಕೇ ನಿಂತಿತು.

"ಅಷ್ಟು ಇಷ್ಟ ಇದ್ಮೇಲೆ ಮದುವೆ ಆಗ್ಬೋದಿತ್ತಲ್ಲ ಇಬ್ರೂ?"

"ನಮ್ಮಪ್ಪ ಹುಡುಕ್ಕೊಂಡು ಹೋದಾಗ ಅವನು ಬಾಯಿ ಬಿಡ್ಲಿಲ್ಲ, ಇವಳೂ ಬಿಡ್ಲಿಲ್ಲ. ಸ್ಟೇಜ್ ಮೇಲೆ ಅಷ್ಟು ಆರ್ಭಟಿಸ್ತಿದ್ದೋಳು, ಬಣ್ಣ ಒರೆಸ್ಕೊಂಡು ಸುಮ್ನೆ ಅಪ್ಪನ ಜೊತೆ ಗಾಡಿ ಹತ್ತಿದ್ಲು. ನಿಮ್ಮ ತಾತಂಗೆ ಕೊಟ್ಟುಬಿಟ್ರು. ಆ ವೆಂಕಟಸ್ವಾಮಿ ಸತ್ತ ವರ್ಷದಿಂದಲೇ ಕಣೇ ಈ ಸೀರೆ ಎಡೆಗೆ ಬಂದಿದ್ದು... ನನಗೂ ಅತ್ತೇದು ಅಂದಿದ್ಲು, ಕಳ್ಳಿ!" ಅಕ್ಕಯಮ್ಮ ಬಿಕ್ಕಿದಳು.

ಬದುಕಿದ್ದಾಗ ಒಂದು ಮಾತೂ ಇಲ್ಲ. ಸತ್ತ ಮೇಲೆ ವರ್ಷಕ್ಕೊಂದು ಊಟ!

ಶೃತಿ ತಿರುಗಿ ನೋಡಿದಳು. ಬಾಗಿಲು ಖಾಲಿ. ಓಡಿದಳು. ಗೇಟಿನಾಚೆ ಅವನು ಆಟೋಗೆ ಹಾಸಿಗೆ ತುರುಕುತ್ತಿದ್ದ.

"ನಾನು ಒಪ್ಪಿಲ್ಲ!" ಎಂದಳು ಏದುಸಿರು ಬಿಡುತ್ತ. "ನನಗೆ ನೀವೇ ಬೇಕು."

ಅವನ ಕೈ ಅಲ್ಲೇ ನಿಂತಿತು. ಹಾಸಿಗೆಯನ್ನು ಅರ್ಧದಲ್ಲೇ ಬಿಟ್ಟು ಅವಳತ್ತ ತಿರುಗಿದ.

"ನನಗೂ... ನೀವಂದ್ರ ಜೀವ ರೀ. ಆದ್ರ ನಿಮ್ಮಪ್ಪಾರು ಕೇಳಂಗಿಲ್ಲ."

"ಕೇಳಲ್ಲ. ಗೊತ್ತು."

"ನನಗ ಸ್ವಂತ ಒಂದು ಖೋಲಿನೂ ಇಲ್ರಿ."

"ಅದೂ ಗೊತ್ತು."

"ಮತ್ತ್ಯಾಕ ಹೇಳಿದ್ರಿ?"

"ಹೇಳ್ದೆ ಇದ್ರೆ ಸಾಯೋವರೆಗೂ..." ಅವಳು ಮನೆಯೊಳಗಿನ ಕೆಂಪು ಸೀರೆಯತ್ತ ಕೈ ತೋರಿದಳು.

ಒಳಗಿನಿಂದ ತಿಮ್ಮರಾಯಪ್ಪನ ಗುಡುಗು. "ಶೃತೀ! ಯಾರ ಜೊತೆ ಮಾತು?"

ಸಿದ್ದಾರೂಢ ಗೇಟು ದಾಟಿ ಒಳಬಂದ.

"ಬೇಡ... ಹೊಡೀತಾರೆ."

"ಹೊಡೀಲಿ."

"ನನ್ನ ಕೈಯಂತೂ ಬಿಡಿಸೇ ಬಿಡಿಸ್ತಾರೆ ಕಣ್ರೀ..."

"ಬಿಡಿಸ್ಲಿ," ಎಂದು ಅವನು ಅವಳ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡ. "ಮೊದ್ಲು ಹಿಡಿಯೋಣು ನಡೀ, ಶೃತಿ."