ಟರ್ಬೊದ ಹಿಂದಿನ ಪೈಪು

ಸಿಂದಗಿಯಲ್ಲಿ ನನ್ನ ಗ್ಯಾರೇಜಿದೆ. ಆ ಮಧ್ಯಾಹ್ನ ವಿಜಯಲಕ್ಷ್ಮಿ ಟೀಚರ ಕಾರಿನ ಎಂಜಿನ್ ತಂಪಾಗಿಡುವ ಕೂಲೆಂಟ್ ಪೈಪು ಸೋರುತ್ತಿತ್ತು. ಅದು ಇರುವುದು ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಹಿಂದೆ; ಟರ್ಬೊ ಬಿಚ್ಚದೆ ಅಲ್ಲಿಗೆ ಕೈ ಹೋಗುವುದಿಲ್ಲ. ಹೊಸ ಪೈಪನ್ನು ಬ್ಯಾಟರಿಯ ಮೇಲಿಟ್ಟು ಪಾನಾ ತರಲು ಒಳಹೋದೆ.

ಮರಳಿದಾಗ ಹೊಸ ಪೈಪು ಹಳೆಯದರ ಜಾಗದಲ್ಲಿ ಕೂತಿತ್ತು. ಮುಂದೆ ಬಿಚ್ಚುವವನ ಕೈಗೆ ಸಿಗಲೆಂದು ಪೈಪು ಬಿಗಿಯುವ ಕ್ಲಿಪ್ಪಿನ ಸ್ಕ್ರೂವನ್ನು ಹೊರಗೆ ತಿರುಗಿಸಲಾಗಿತ್ತು. ಇಪ್ಪತ್ತು ವರ್ಷದಲ್ಲಿ ಅಷ್ಟು ಚೊಕ್ಕ ಕೆಲಸ ನಾನು ಮಾಡಿಲ್ಲ. ಹೆದರಿಕೆಗಿಂತ ಮೊದಲು ಹೊಟ್ಟೆಕಿಚ್ಚಾಯಿತು. ಎಂಜಿನ್ ಸುಡುತ್ತಿತ್ತು, ಕ್ಲಿಪ್ಪು ಮಾತ್ರ ತಣ್ಣಗಿತ್ತು.

ಕಾರಿನೊಳಗೆ ಕೂತಿದ್ದ ಟೀಚರನ್ನು ಕೇಳಿದೆ.

“ಯಾರರ ಬಂದಿದ್ರೇನ್ರಿ?”

“ಇಲ್ರಿ. ಪಾನಾ ಸಪ್ಪಳ ಕೇಳಾಕತ್ತಿತ್ತು. ನೀವ ಮಾಡಾಕತ್ತೀರಿ ಅನ್ಕೊಂಡೆ.”

ಟರ್ಬೊ ಹಿಡಿದಿರುವ ಮೂರು ಬೋಲ್ಟುಗಳಲ್ಲಿ ಯಾವುದು ತುಸು ತಿರುಗಿದರೂ ಅದರ ಮೇಲೆ ಕಾರ್ಖಾನೆಯವರು ಎಳೆದ ಹಳದಿ ಗೆರೆ ಒಡೆಯುತ್ತದೆ. ಬಗ್ಗಿ ನೋಡಿದೆ. ಮೂರೂ ಗೆರೆ ಇದ್ದ ಹಾಗೆಯೇ ಇದ್ದವು.