ಖಾಲಿ ಗಾಡಿ ಹೊರಡುವುದಿಲ್ಲ

ಕುರ್ಚಿಯಿಂದ ಏಳಬೇಕೆಂದು ಫಕೀರಪ್ಪ ತಳವಾರರು ಮನಸ್ಸು ಮಾಡಿದರು. ಅವರ ಸೊಂಟಕ್ಕೂ ತೊಡೆಗೂ ಸುತ್ತಿಕೊಂಡಿದ್ದ ನಡೆಗವಚಕ್ಕೆ ಆ ಮನಸ್ಸು ಕೂಡಲೇ ಗೊತ್ತಾಯಿತು. ಬೂದು ಬಣ್ಣದ ಪಟ್ಟಿಗಳು ಮೆಲ್ಲಗೆ ಬಿಗಿದವು, ಮೈ ಮೇಲೆದ್ದಿತು, ಇಷ್ಟು ಹೊತ್ತು ನಡುಗುತ್ತಿದ್ದ ಕಾಲು ನೆಟ್ಟಗೆ ಮುಂದೆ ಬಿತ್ತು. ಗದಗಿನ ಚೇತರಿಕೆ ಕೇಂದ್ರದ ಉದ್ದನೆಯ ಪಡಸಾಲೆಯಲ್ಲಿ ಆ ಮುದುಕರು ಮದುಮಗನ ಹಾಗೆ ನಡೆದು ಹೋಗುವುದನ್ನು ನೋಡಲು ಅಡುಗೆಯವರೂ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

"ಅಯ್ಯ ಶಿವನ! ನಮ್ಮನಿಯವ್ರು ನಡ್ಯಾಕತ್ತಾರ!" ಎಂದು ಹೆಂಡತಿ ಚಂದ್ರವ್ವ ಬಾಯಿಗೆ ಸೆರಗು ಹಿಡಿದರು.

ಪಡಸಾಲೆ ಮುಗಿಯಿತು, ಬಾಗಿಲು ಬಂತು. ಫಕೀರಪ್ಪ ನಿಂತುಬಿಟ್ಟರು. ಮೈ ಮುಂದಕ್ಕೆ ಬಾಗಿತ್ತು, ಪಾದಗಳನ್ನು ಮಾತ್ರ ಯಾರೋ ನೆಲಕ್ಕೆ ಮೊಳೆ ಹೊಡೆದಿಟ್ಟ ಹಾಗಿತ್ತು. ಕವಚವೂ ಸುಮ್ಮನಾಯಿತು.

"ಮಷೀನ್ ಕೆಟ್ಟತೇನ್ರಿ?" ಎಂದು ಚಂದ್ರವ್ವ ಗಾಬರಿಯಾದರು.

ಕವಚವನ್ನು ರೂಪಿಸಿದ ವಿಜ್ಞಾನಿ ಡಾ. ಮೈಥಿಲಿ ಕಟಗೇರಿ ಚಂದ್ರವ್ವನವರ ಪಕ್ಕದಲ್ಲಿ ಬಂದು ನಿಂತರು. "ಕೆಟ್ಟಿಲ್ಲ ಅಮ್ಮ. ಇದು ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ. ಹೆಜ್ಜೆ ಇಡಬೇಕೆಂಬ ಇಚ್ಛೆ ಮಿದುಳಿನಲ್ಲಿ ಮೊಳಕೆಯೊಡೆದು ಸ್ನಾಯುವಿನವರೆಗೆ ಬರಬೇಕು. ಆ ಮೊಳಕೆ ಎಷ್ಟೇ ಸಣ್ಣದಿರಲಿ, ಕವಚ ಹಿಡಿದುಕೊಂಡು ಬಲ ಕೊಡುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೆಲವರಿಗೆ ಬಾಗಿಲಿನಂಥ ಇಕ್ಕಟ್ಟಾದ ಜಾಗ ಬಂದರೆ ಮೊಳಕೆಯೇ ಏಳುವುದಿಲ್ಲ. ಆದರೆ ಒಂದು ವಿಚಿತ್ರ ನೋಡಿ, ಹೀಗೆ ನಿಂತವರೇ ಮೆಟ್ಟಿಲು ಕಂಡರೆ ಹತ್ತಿಬಿಡಬಹುದು, ಹಾಡಿನ ತಾಳ ಕೇಳಿದರೆ ನಡೆದುಬಿಡಬಹುದು! ಮಿದುಳಿನಲ್ಲಿ ಹೆಜ್ಜೆಗೆ ಒಂದೇ ದಾರಿಯಲ್ಲ."

"ಅಂದ್ರ ಡಾಂಬರ್ ರಸ್ತಾ ಕೆಟ್ಟತಿ, ಹೊಲದ ದಾರಿ ಐತಿ," ಎಂದರು ಚಂದ್ರವ್ವ.

"ಐತಿ. ನಿಮ್ಮವರ ಹೊಲದ ದಾರಿ ಎಲ್ಲಿದೆಯೋ ಅದೇ ನನಗೆ ಸಿಗುತ್ತಿಲ್ಲ."

ತಾಳ ಹಾಕಿಸಿದ್ದಾಯಿತು, ನೆಲದ ಮೇಲೆ ಬೆಳಕಿನ ಗೆರೆ ಮೂಡಿಸಿದ್ದಾಯಿತು. ಪಡಸಾಲೆಯಲ್ಲಿ ಕುದುರೆ, ಬಾಗಿಲಿನಲ್ಲಿ ಬಂಡೆ. ಮರುದಿನವೇ ಪರೀಕ್ಷೆ. ಯಾರ ಕೈಯನ್ನೂ ಹಿಡಿಯದೆ ಆ ಬಾಗಿಲು ದಾಟಿದವರಿಗೆ ಕವಚದೊಡನೆ ಮನೆಗೆ ಹೋಗಲು ಅನುಮತಿ. ದಾಟದಿದ್ದರೆ ಕವಚ ಸರದಿಯಲ್ಲಿರುವ ಮತ್ತೊಬ್ಬರ ಪಾಲು, ಇವರಿಗೆ ಗಾಲಿಕುರ್ಚಿ. ಹಿಂದೊಮ್ಮೆ ಮನೆಯಲ್ಲಿ ಬಚ್ಚಲುಮನೆಯ ಬಾಗಿಲಲ್ಲಿ ನಿಂತುಬಿಟ್ಟ ಗಂಡನನ್ನು ದಾಟಿಸಲು ಹೋಗಿ ಚಂದ್ರವ್ವ ಅವರೊಡನೆಯೇ ಬಿದ್ದು ನಡು ಉಳುಕಿಸಿಕೊಂಡಿದ್ದರು. ಇನ್ನೊಮ್ಮೆ ಬಿದ್ದರೆ ಇಬ್ಬರನ್ನೂ ಎತ್ತುವವರಿಲ್ಲ.

ಅದೇ ಮಧ್ಯಾಹ್ನ ಹಜರತ್‌ಸಾಬ ನದಾಫರು ಗಿರ್ಮಿಟ್ ಮಂಡಕ್ಕಿಯ ಪೊಟ್ಟಣ ಹಿಡಿದು ಗೆಳೆಯನನ್ನು ನೋಡಲು ಬಂದರು. ಬಸ್ಸುಗಳು ತಾವಾಗಿಯೇ ಓಡತೊಡಗುವ ಮುಂಚೆ ಗದಗ–ಲಕ್ಷ್ಮೇಶ್ವರ ದಾರಿಯಲ್ಲಿ ಫಕೀರಪ್ಪ ಡ್ರೈವರು, ಹಜರತ್‌ಸಾಬರು ಕಂಡಕ್ಟರು. ಕೊನೆಯ ಡ್ರೈವರುಗಳ ಜೊತೆಯಲ್ಲೇ ಕೊನೆಯ ಕಂಡಕ್ಟರುಗಳೂ ಮನೆಗೆ ಹೋಗಿದ್ದರು.

ಊಟದ ಗಂಟೆ ಹೊಡೆದಿತ್ತು. ಫಕೀರಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು. ಅವರ ಹಿಂದೆ ಕವಚ ತೊಟ್ಟ ಉಳಿದ ರೋಗಿಗಳೆಲ್ಲ ಸಾಲಾಗಿ ನಿಂತು ಗೊಣಗುತ್ತಿದ್ದರು.

ಹಜರತ್‌ಸಾಬರಿಗೆ ನಗು ಬಂತು. "ಏನ್ ಉಸ್ತಾದ್! ಗಾಡಿ ತುಂಬಿ ತುಳಕ್ಯಾಡಾಕತ್ತೈತಿ, ಇನ್ನೂ ಸ್ಟ್ಯಾಂಡಿನಾಗ ನಿಂತೀರಿ? ಏ ಅಜ್ಜಾ, ಮುಂದ ಸರೀರಿ, ಮುಂದ ಜಾಗಾ ಐತಿ!" ಎನ್ನುತ್ತ, ಹಳೇ ಚಟ ನೋಡಿ, ಬಾಗಿಲಿನ ತಗಡಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದರು. "ರೈಟ್, ರೈಟ್!"

ಫಕೀರಪ್ಪನವರ ಕುತ್ತಿಗೆ ಎಡಕ್ಕೆ ಹೊರಳಿತು. ಅಲ್ಲಿದ್ದ ಕಿಟಕಿಯ ಗಾಜಿನಲ್ಲಿ, ಬಸ್ಸಿನ ಕನ್ನಡಿಯಲ್ಲಿ ಕಂಡ ಹಾಗೆ, ಹಿಂದಿನ ಸಾಲು ಕಂಡಿತು. ಎಡಗಾಲು ಏನನ್ನೋ ಒತ್ತಿದಂತೆ ಊರಿತು, ಬಲಗಾಲು ಎದ್ದಿತು. ಪಟ್ಟಿಗಳು ಝುಮ್ಮೆಂದು ಬಿಗಿದವು. ಫಕೀರಪ್ಪ ಬಾಗಿಲು ದಾಟಿ ಊಟದ ಮೇಜಿನವರೆಗೆ ಹೋಗಿ ಗಕ್ಕನೆ ಬ್ರೇಕು ಹಾಕಿ ನಿಂತರು. ಅಲ್ಲಿ ಊಟ ಬಡಿಸುತ್ತಿದ್ದ ಮೈಥಿಲಿಯವರ ಕೈಯಲ್ಲಿನ ಸೌಟು ಹಾಗೆಯೇ ಉಳಿಯಿತು.

ಅಂದೇ ಅವರು ಹಜರತ್‌ಸಾಬರ ದನಿಯನ್ನೂ ಅಂಗೈ ಬಡಿತವನ್ನೂ ಕವಚದೊಳಗೆ ತುಂಬಿಸಿದರು. ಬೀಗ ಸಿಕ್ಕಿತ್ತು, ಕೀಲಿಕೈಯೂ ಸಿಕ್ಕಿತು ಎಂದುಕೊಂಡರು.

ಮರುದಿನ ಪರೀಕ್ಷಕರು ಬಂದರು. ನಿಯಮದಂತೆ ಪಡಸಾಲೆಯಲ್ಲಿ ನಡೆಯುವವರು ಫಕೀರಪ್ಪ ಒಬ್ಬರೇ, ನೋಡುವವರು ಬದಿಗೆ. ಬಾಗಿಲ ಬಳಿ ಕವಚ ಖಣಖಣ ಕೂಗಿತು: "ರೈಟ್, ರೈಟ್!" ಕಾಲು ಏಳಲಿಲ್ಲ. ಮತ್ತೆ ಕೂಗಿತು. ಊಹೂಂ. ಕಂಬದ ಬಳಿ ನಿಂತಿದ್ದ ಚಂದ್ರವ್ವ ಕಣ್ಣು ಮುಚ್ಚಿಕೊಂಡರು.

"ಅಜ್ಜಾ, ದನಿ ಸರಿಯಾಗಿಲ್ಲವೇ?" ಎಂದು ಮೈಥಿಲಿ ಮೆಲ್ಲಗೆ ಕೇಳಿದರು.

"ದನಿ ಹಜರತ್‌ಸಾಬಂದ ಐತಿ ಬೇ," ಎಂದರು ಫಕೀರಪ್ಪ. ಅವರ ಮಾತು ಪಿಸುಮಾತಾಗಿ ವರ್ಷಗಳೇ ಆಗಿದ್ದವು. "ಹಿಂದ ನೋಡಿದೆ. ಯಾರೂ ಇಲ್ಲ. ಖಾಲಿ ಗಾಡಿ ಯಾರ ಸಲುವಾಗಿ ಬಿಡ್ಲಿ?"

ಮೈಥಿಲಿಯವರಿಗೆ ಹಿಂದಿನ ದಿನದ ಊಟದ ಸಾಲು ನೆನಪಾಯಿತು. ವಾರ್ಡಿನ ಕಡೆ ಓಡಿದರು. "ಎಲ್ಲರೂ ಬನ್ನಿ! ಅಜ್ಜನ ಹಿಂದೆ ನಿಲ್ಲಿ!"

ಬಂದರು. ಬಾಗಿಲು ಕಂಡರೆ ಬೆವರುವವರು, ದಿನವೂ ಇದೇ ಜಾಗದಲ್ಲಿ ನಿಂತುಬಿಡುವವರು, ಒಬ್ಬರ ಬೆನ್ನಿಗೆ ಒಬ್ಬರು. ಗೆಳೆಯನ ಪರೀಕ್ಷೆ ನೋಡಲು ಬಂದಿದ್ದ ಹಜರತ್‌ಸಾಬರು ಬಾಗಿಲ ಪಕ್ಕದಲ್ಲಿ ಅಂಗಿ ಜಗ್ಗಿಕೊಂಡು ನೆಟ್ಟಗೆ ನಿಂತರು. ಫಕೀರಪ್ಪ ಎಡಗಡೆಯ ಗಾಜನ್ನು ನೋಡಿದರು. ತಗಡಿನ ಮೇಲೆ ಅಂಗೈ ಬಿತ್ತು.

ಮುಂದಿನವರ ಹೆಜ್ಜೆಯ ಲಯ ಹಿಂದಿನವರ ಕವಚಕ್ಕೆ ದಾಟುವಂತೆ ಯಾರೂ ಯಂತ್ರಕ್ಕೆ ಹೇಳಿಕೊಟ್ಟಿರಲಿಲ್ಲ. ಆದರೂ ಕವಚಗಳ ಸಂಕೇತ ತೋರಿಸುವ ಪರದೆಯ ಮೇಲೆ ಫಕೀರಪ್ಪನವರ ಇಚ್ಛೆ ಮೊಳೆತ ಮರುಗಳಿಗೆಯಲ್ಲೇ ಹಿಂದಿನವರದು ಮೊಳೆಯಿತು, ಅದರ ಹಿಂದಿನದು, ಅದರ ಹಿಂದಿನದು. ಕತ್ತಲೆಯ ಊರಿನಲ್ಲಿ ಒಂದು ಮನೆಯ ದೀಪ ನೋಡಿ ಪಕ್ಕದ ಮನೆಯವರು ದೀಪ ಹಚ್ಚಿದ ಹಾಗೆ! ಯಂತ್ರ ಕಲಿಸದಿದ್ದುದನ್ನು ಒಬ್ಬರ ಬೆನ್ನು ಇನ್ನೊಬ್ಬರ ಕಣ್ಣಿಗೆ ಕಲಿಸಿತ್ತು. ಇಡೀ ವಾರ್ಡು ಬಾಗಿಲು ದಾಟಿ ಬಿಸಿಲಿಗೆ ಇಳಿಯಿತು. ಕೊನೆಯಲ್ಲಿ ತಮಗೇ ತಿಳಿಯದೆ ಪರೀಕ್ಷಕರೂ ಹೆಜ್ಜೆ ಹಾಕುತ್ತಿದ್ದರು.

"ಇದು ಸ್ವತಂತ್ರವಾಗಿ ನಡೆದಂತೆ ಆಯಿತೇ?" ಎಂದು ಪರೀಕ್ಷಕರು ಹೊರಗೆ ಬಂದ ಮೇಲೆ ತಲೆ ಕೆರೆದುಕೊಂಡರು.

"ಯಾರ ಕೈಯನ್ನೂ ಹಿಡಿಯಲಿಲ್ಲವಲ್ಲ ಸಾರ್," ಎಂದರು ಮೈಥಿಲಿ. ಯಾರಿಗೂ ಯಾರೂ ಬೇಕಾಗದಿರಲಿ ಎಂದು ಅವರು ಈ ಕವಚವನ್ನು ಕಟ್ಟಿದ್ದರು. ಅದು ನೆನಪಾಗಿ ಅವರಿಗೆ ನಗು ಬಂತು. ಪರೀಕ್ಷಕರು ಅನುಮತಿಗೆ ಸಹಿ ಹಾಕಿದರು.

ಸಂಜೆ ತಾನಾಗಿ ಓಡುವ ಬಸ್ಸು ಗಂಡಹೆಂಡಿರನ್ನು ಮನೆಯ ಮುಂದೆ ಇಳಿಸಿ ಹೋಯಿತು. ಹೊಸ್ತಿಲು ಬಂತು. ಫಕೀರಪ್ಪ ನಿಂತರು. ಹಜರತ್‌ಸಾಬರ ಮನೆ ಊರಿನ ಆ ತುದಿಗೆ. ವಾರ್ಡಿನ ಮಂದಿ ಗದಗಿನಲ್ಲಿ.

ಚಂದ್ರವ್ವ ಚೀಲ ಕೆಳಗಿಟ್ಟು ಗಂಡನ ಬೆನ್ನ ಹಿಂದೆ ಬಂದು ನಿಂತರು. "ನಿಮ್ಮ ಗಾಡಿಯಾಗ ನನ್ನ ಒಂದ್ ದಿನಾನೂ ಹತ್ತಿಸ್ಕೊಳ್ಳಿಲ್ಲ ನೀವು. ಹೇಣ್ತಿ ಹಿಂದಿದ್ರ ರಸ್ತಾದ ಮ್ಯಾಲ ಕಣ್ಣಿರೂದಿಲ್ಲ ಅಂತಿದ್ರಿ. ಇವತ್ತ್ ಹತ್ತೀನಿ, ನೋಡ್ರಿ."

ಬಳೆಯ ಕೈ ಬಾಗಿಲ ಚೌಕಟ್ಟಿನ ಮೇಲೆ ಎರಡು ಸಲ ಬಿತ್ತು.

ಫಕೀರಪ್ಪ ಎಡಕ್ಕೆ ನೋಡಿದರು. ಅಲ್ಲಿ ಕನ್ನಡಿಯಿರಲಿಲ್ಲ, ಹೆಂಡತಿಯ ನೆರಳಿತ್ತು.

"ಗಟ್ಟಿ ಹಿಡ್ಕೊ," ಎಂದರು. ಪಟ್ಟಿಗಳು ಬಿಗಿದವು.